ಅತ್ತಿಗೆಯ ಕಂಪ್ಯೂಟರಿನೊಳಗಿನ ಕಂಪ್ಯೂಟರ್

ನಮ್ಮಣ್ಣ ಗುರುಮೂರ್ತಿಗೆ ಒಂದು ಚಾಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಜಾಯಮಾನ ಅವನದಲ್ಲ. ಹೊಲಕ್ಕೆ ಹೋಲಿಸಿ ಅರ್ಥ ಮಾಡಿಕೊಂಡುಬಿಡುತ್ತಾನೆ. ಎಲೆಕೋಸಿನ ಸಸಿ ಬೆಳೆಸುವುದರಲ್ಲಿ ನಮ್ಮೂರು ಜೀರಹಳ್ಳಿಯಲ್ಲಿ ಅವನನ್ನು ಮೀರಿಸಿದವರಿಲ್ಲ, ಆ ಮಾತು ಬೇರೆ. ಆದರೆ ಲೋಕದಲ್ಲಿರುವುದೆಲ್ಲ ಕೋಸೇ ಏನು? ಈ ಚಾಳಿಯ ದೆಸೆಯಿಂದ ಮೇಘತ್ತಿಗೆಗೆ ಸಿಗಬೇಕಾದ ಕೆಲಸ ತಪ್ಪುವುದರಲ್ಲಿತ್ತು.

ಅತ್ತಿಗೆ ಚಾಮರಾಜನಗರದಲ್ಲಿ ಬಿ.ಸಿ.ಎ. ಓದಿ, ನಮ್ಮ ಮನೆಗೆ ಬಂದು ಕೊಟ್ಟಿಗೆ ಬಾಚುತ್ತಿದ್ದಳು. ಎರಡು ಸಾವಿರದ ಒಂಬತ್ತರಲ್ಲಿ ತಾಳವಾಡಿಯ ಕಂಪ್ಯೂಟರ್ ಸೆಂಟರಿನ ಷಡಕ್ಷರಿ ಮೇಷ್ಟ್ರು ವೆಬ್‌ಸೈಟ್ ಮಾಡುವುದನ್ನು ಕಲಿಸಲು ಒಬ್ಬರನ್ನು ಹುಡುಕುತ್ತಿದ್ದರು. "ನೀವೇ ಮಾಡಿದ ಸೈಟೊಂದನ್ನ ತಂದು ತೋರ್ಸಿ, ಆಮೇಲೆ ಮಾತಾಡನ" ಎಂದು ಅತ್ತಿಗೆಗೆ ಹೇಳಿ, ಒಂದು ಭಾನುವಾರ ಗೊತ್ತುಮಾಡಿದರು. ಮದುವೆಯಾದ ಮೇಲೆ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಈ ಕೆಲಸ ಅವಳಿಗೆ ಸಿಗಲೇಬೇಕು ಎಂದು ನನಗೂ ಹಟ ಬಂತು.

ಮನೆಯಲ್ಲಿದ್ದದ್ದು ಅಣ್ಣ ತಂದ ಹಳೆಯ ಕಂಪ್ಯೂಟರ್. ಅತ್ತಿಗೆ ಪತ್ರಿಕೆಯೊಂದರ ಜತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಲು ಹೋದಳು, ವಿಂಡೋಸೇ ಅಳಿಸಿಹೋಯಿತು. ಜತೆಗೆ ಅಣ್ಣನ ಜೋಡೆತ್ತಿನ ಫೋಟೋಗಳೂ ಹೋದವು. ವಿಂಡೋಸನ್ನೇನೋ ಮತ್ತೆ ಹಾಕಿಸಿದ. ಎತ್ತುಗಳ ದುಃಖ ಮಾತ್ರ ಅವನಿಗೆ ಆರಲಿಲ್ಲ. "ಇನ್‌ಮ್ಯಾಕೆ ಆ ಸಿ.ಡಿ. ತಂಟೆಗೋಗ್ಬೇಡ" ಎಂದು ಕಟ್ಟಪ್ಪಣೆ ಮಾಡಿದ.

ಅತ್ತಿಗೆ ಬಿಡುವ ಪೈಕಿಯಲ್ಲ. ವರ್ಚುವಲ್ ಮಷೀನ್ ಎಂಬುದನ್ನು ಎಲ್ಲಿಂದಲೋ ಪತ್ತೆಮಾಡಿಕೊಂಡು ಬಂದು ಗಂಡನೆದುರು ಕೂತಳು.

"ನೋಡಿ, ನೀವು ಕೋಸಿನ ಬೀಜಾನ ಸೀದಾ ಒಲಕ್ಕೆ ಚೆಲ್ತೀರಾ?"

"ಉಂಟಾ! ಒಟ್ಲು ಪಾತಿಲಿ ಸಸಿ ಮಾಡ್ಕಂಡು ಆಮೇಲೆ ನಾಟಿ."

"ಇದೂ ಒಂದು ಒಟ್ಲು ಅಂದ್ಕಳಿ. ನಿಮ್ಮ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್. ಅದು ಕೆಟ್ರೂ ನಿಮ್ದಕ್ಕೆ ಏನೂ ಆಗಲ್ಲ."

ಅಣ್ಣ ಒಪ್ಪಿದ. ಒಪ್ಪಿ ಸುಮ್ಮನಿದ್ದನೇ? ಟೀ ಅಂಗಡಿಯಲ್ಲಿ ಕೂತು, ಕಂಪ್ಯೂಟರನ್ನೇ ನೋಡಿರದವರಿಗೆಲ್ಲ ಒಳಗಿನ ಕಂಪ್ಯೂಟರಿನ ವಿಚಾರ ಬಿಡಿಸಿ ಬಿಡಿಸಿ ಹೇಳಿದ.

ಅರ್ಧ ಮೆಮೊರಿಯನ್ನು ಒಳಗಿನದಕ್ಕೆ ಕೊಟ್ಟ ಮೇಲೆ ನಮ್ಮ ಪೆಟ್ಟಿಗೆ ತೆವಳತೊಡಗಿತು. ಒಂದು ಪುಟ ತೆರೆಯುವಷ್ಟರಲ್ಲಿ ಅತ್ತಿಗೆ ಹಾಲು ಕರೆದು ಬರುತ್ತಿದ್ದಳು. "ಅದ್ಕೇ ಏದುಸ್ರು, ಅದ್ರ ಮ್ಯಾಲೆ ಬಸುರು ಬ್ಯಾರೆ!" ಎಂದು ನಮ್ಮವ್ವ ಮಂಚಮ್ಮ ಕನಿಕರಪಟ್ಟಳು. ಹೀಗೆ ಏದುತ್ತಲೇ ಸೈಟು ತಯಾರಾಯಿತು. ತಾಳವಾಡಿಯಿಂದ ಹೋಗಬೇಕಾದ ಊರನ್ನು ಆರಿಸಿ ಗುಂಡಿ ಒತ್ತಿದರೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುತ್ತಿತ್ತು. ನಾನಂತೂ ಬೇಕಿಲ್ಲದಿದ್ದರೂ ದಿಂಬಂ, ಸತ್ಯಮಂಗಲ ಎಂದು ಒತ್ತಿ ಒತ್ತಿ ನೋಡಿದೆ.

ಶನಿವಾರ ಅತ್ತಿಗೆ, ಯಾವುದಕ್ಕೂ ಇರಲಿ ಎಂದು, ಸೈಟಿನ ಪುಟಗಳ ಒಂದು ಪ್ರತಿಯನ್ನು ಹೊರಗೆ ವಿಂಡೋಸಿನಲ್ಲಿ ಇಟ್ಟಳು. ಬಸ್ಸಿನ ವೇಳೆಗಳೂ ಗುಂಡಿಗೆ ಉತ್ತರ ಕೊಡುವ ವ್ಯವಸ್ಥೆಯೂ ಮಾತ್ರ ಒಳಗಿನ ಮಷೀನಿನಲ್ಲೇ ಇದ್ದವು. ಅದಕ್ಕೇ ಭಾನುವಾರ ಸಿ.ಪಿ.ಯು. ಪೆಟ್ಟಿಗೆಯನ್ನೇ ಜಮಖಾನದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು. ಅತ್ತಿಗೆ ಅದನ್ನು ಹಸುಗೂಸಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಜತೆಗೆ ಅಣ್ಣ, ನಾನು.

ಮಧ್ಯಾಹ್ನ ಸೆಂಟರಿನಲ್ಲಿ ಪೆಟ್ಟಿಗೆಗೆ ವೈರು ಸಿಕ್ಕಿಸಿ ಚಾಲೂ ಮಾಡಿದರೆ, ಒಳಗಿನ ಮಷೀನೇ ಇಲ್ಲ! ಅತ್ತಿಗೆ ಅಲ್ಲಿ ಹುಡುಕಿದಳು, ಇಲ್ಲಿ ಹುಡುಕಿದಳು. ಮೇಷ್ಟ್ರು ಕೈಕಟ್ಟಿಕೊಂಡು ನಿಂತಿದ್ದರು. ಆಗ ಹಿಂದಿನಿಂದ ಅಣ್ಣ ಬಲು ಠೀವಿಯಿಂದ ಬಾಯಿಬಿಟ್ಟ.

"ಒಟ್ಲಾ? ನಾನೇ ಬೆಳಿಗ್ಗೆ ಕಿತ್ತಾಕ್ಬುಟ್ಟೆ ಕಣ."

"ಏನಂದ್ರಿ?"

"ಸಸಿ ಒಲಕ್ಕೆ, ಅದೇ ವಿಂಡೋಸ್ಗೆ, ಬಂದಿದ್ವಲ್ಲ, ತೆಗ್ದು ನೋಡ್ದೆ, ಬಸ್ಸಿನ ಚಿತ್ರ ಚೆಂದಾಗಿ ಕಾಣ್ತು. ನಾಟಿ ಆದ್ಮೇಲೆ ಒಟ್ಲು ಯಾರಾರ ಮಡಿಕತಾರಾ? ಉಳ ಬೀಳ್ತದ. ಎಲ್ಲಾನೂ ಅಳಿಸ್ಲಾ ಅಂತ ಅದೂ ಕೇಳ್ತು, ಊಂ ಅಂದೆ."

ಅಯ್ಯೋ ಪುಣ್ಯಾತ್ಮ! ಅತ್ತಿಗೆಯ ಕಣ್ಣಲ್ಲಿ ನೀರು ತುಂಬಿತು. ಅವಳು ಅಣ್ಣನನ್ನು ನೋಡಿದ ರೀತಿಗೆ ಅವನು ಅಷ್ಟು ದೂರ ಸರಿದು ನಿಂತ. ಮೇಷ್ಟ್ರು "ಇರ್ಲಿ ಬುಡಿಮ್ಮ, ಇನ್ನೊಂದ್ ಸಲ ನೋಡನ" ಎಂದರು. ಇನ್ನೊಂದು ಸಲ ಎಂದರೆ ಏನೆಂದು ನಮಗೆಲ್ಲ ಗೊತ್ತಿತ್ತು, ಅಷ್ಟರಲ್ಲಿ ಬೇರೆ ಯಾರನ್ನಾದರೂ ಹಾಕಿಕೊಂಡಿರುತ್ತಾರೆ.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಪೆಟ್ಟಿಗೆಯ ಸಿ.ಡಿ. ತಟ್ಟೆ ಹೊರಗೆಳೆದಳು. ಲಿನಕ್ಸ್ ಸಿ.ಡಿ. ಅದರಲ್ಲೇ ಇತ್ತು.

"ಸಾರ್, ಸಾಯಂಕಾಲದ ತಂಕ ಬಾಗ್ಲು ಹಾಕ್ಬೇಡಿ" ಎಂದಳು.

ಕೂತೇ ಕೂತಳು. ಹೊಸ ಮಷೀನ್ ಎಬ್ಬಿಸಿದಳು, ಮೆಮೊರಿ ಹಂಚಿದಳು, ಲಿನಕ್ಸ್ ಹಾಕಿದಳು, ಸರ್ವರ್ ಹಾಕಿದಳು, ವಿಂಡೋಸಿನಲ್ಲಿದ್ದ ಪುಟಗಳನ್ನು ಒಳಕ್ಕೆ ತಂದಳು, ಗುಂಡಿಗೆ ಉತ್ತರ ಕೊಡುವ ವ್ಯವಸ್ಥೆಯನ್ನು ಮೊದಲಿನಿಂದ ಬರೆದಳು. ಮೊದಲು ದೂರ ನಿಂತಿದ್ದ ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ನಾನು ಅಣ್ಣನನ್ನು ಬಸ್‌ಸ್ಟ್ಯಾಂಡಿಗೆ ಅಟ್ಟಿದೆ. ಅವನು ಕಂಡಕ್ಟರುಗಳನ್ನು ಕೇಳಿ ಕೇಳಿ ಓಡೋಡಿ ಬಂದು ವೇಳೆ ಒಪ್ಪಿಸುತ್ತಿದ್ದ, ಅತ್ತಿಗೆ ಅವನ ಮುಖ ನೋಡದೆ ಟೈಪು ಮಾಡುತ್ತಿದ್ದಳು.

ಕೊನೆಗೆ ಜೀರಹಳ್ಳಿ ಎಂದು ಆರಿಸಿ ಗುಂಡಿ ಒತ್ತಿದಳು. ಪೆಟ್ಟಿಗೆ ಏದಿತು, ಏದಿತು. ಆಮೇಲೆ ಅಕ್ಷರ ಮೂಡಿತು: "ಇವತ್ತಿಗೆ ಬಸ್ಸಿಲ್ಲ. ಮುಂದಿನ ಬಸ್ಸು ನಾಳೆ ಬೆಳಿಗ್ಗೆ."

"ಸರಿಯಾಗ್ ಯೋಳ್ತು!" ಎಂದು ಅತ್ತಿಗೆ ಚಪ್ಪಾಳೆ ತಟ್ಟಿದಳು.

"ಏನ್ ಸರಿ? ಕಡೆ ಬಸ್ಸು ಓಯ್ತಲ್ಲ!" ಎಂದ ಅಣ್ಣ.

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. "ಮಾಡಿದ್ದನ್ನ ತಂದಿದ್ರೆ ಯಾರತ್ರ ಮಾಡ್ಸ್ಕಂಡು ಬಂದ್ರೋ ಅಂತ ಅನುಮಾನ ಇರ್ತಿತ್ತು. ನನ್ನ ಕಣ್ಣೆದ್ರುಗೇ ಕಟ್ಟುದ್ರಿ. ನಾಳೆಯಿಂದ್ಲೇ ಪಾಠಕ್ಕೆ ಬನ್ನಿಮ್ಮ" ಎಂದರು. ನನಗೆ ಅಳು ಬಂದುಬಿಟ್ಟಿತು.

ಯಾವುದಾದರೂ ಕೋಸಿನ ಲಾರಿ ಸಿಕ್ಕೀತೆಂದು ಊರ ಕಡೆ ನಡೆಯತೊಡಗಿದೆವು. ಸ್ವಲ್ಪ ದೂರ ಹೋಗಿದ್ದೆವು. ಅಣ್ಣ ಮೀಸೆ ತಿರುವಿದ.

"ಅಲ್ಲಾ ಮೇಘ, ನಾ ಕಿತ್ತಾಕ್ದೆ ಇದ್ದಿದ್ರೆ ನಿಂಗೆ ಈ ಕೆಲ್ಸ ಸಿಕ್ತಿತ್ತಾ, ಯೋಳು?"

ಅತ್ತಿಗೆ ನಿಂತಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಜಮಖಾನದ ಗಂಟನ್ನು ಎತ್ತಿ ಅವನ ತಲೆ ಮೇಲೆ ಕೂರಿಸಿದಳು.

"ಇಲ್ಲ ಕಣ್ರೀ, ಸಿಕ್ತಿರ್ಲಿಲ್ಲ. ಲಾರಿ ಬಂದ್ರೂ ಇಳಿಸ್ಬೇಡಿ" ಎಂದು ನನ್ನ ಕೈ ಹಿಡಿದು ಮುಂದೆ ನಡೆದಳು.