ಇಂಟರ್ವಲ್‌ಗೆ ಎದ್ದು ಬಂದ ಸಿನಿಮಾ

ಕಾರ್ಕಳದಲ್ಲಿ ಒಂದು ಮದುವೆಗೆ ಹೊರಟಿದ್ದೆ. ಕರಿಮಣಿ ಸರಿಮಾಡಿಕೊಳ್ಳುವಾಗ ಕುತ್ತಿಗೆಯ ಬಲಬದಿಯಲ್ಲಿ ಬೆರಳಿಗೆ ಏನೋ ತಾಗಿತು. ಗೋಲಿಯಷ್ಟು ದೊಡ್ಡದು. ನೋವಿಲ್ಲ. ಮದುವೆಗೆ ಹೋದೆ, ಎರಡು ಸಲ ಪಾಯಸ ಹಾಕಿಸಿಕೊಂಡೆ, ಪಾಯಸ ಸಪ್ಪೆ ಎಂದು ಫೇಸ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ನಾನು ಹಾಗೆಯೇ.

ತಿಂಗಳೊಳಗೆ ಮಣಿಪಾಲದಲ್ಲಿ ಬಯಾಪ್ಸಿ.

ಲಿಂಫೋಮಾ.

ಆರು ಸೈಕಲ್ ಕೀಮೋ, ಮೂರು ವಾರಕ್ಕೊಂದು ಎಂದರು ಡಾಕ್ಟರ್. "ಗುಣ ಆಗ್ತದಾ?" ಎಂದು ಕೇಳಿದೆ. "ಚಾನ್ಸ್ ಒಳ್ಳೆಯದುಂಟು" ಎಂದರು. ಚಾನ್ಸ್ ಎಂಬ ಪದವನ್ನು ಅದುವರೆಗೆ ನಾನು ಬಸ್ಸಿನ ಸೀಟಿಗೆ ಮಾತ್ರ ಬಳಸಿದ್ದೆ.

ನನ್ನ ಪೋಸ್ಟ್ ಓದುವವರಿಗೆ ಗೊತ್ತು, ನಾನು ಸಿನಿಮಾಗಳಿಗೆ ಬೈಯುವವಳು. ತೀರಾ ಕೆಟ್ಟದ್ದಕ್ಕಿಂತಲೂ, ನೋಡಿ ನಕ್ಕು ಮರೆತುಬಿಡುವಂಥ ಸಾಧಾರಣ ಸಿನಿಮಾ ಕಂಡರೆ ನನಗೆ ಹೆಚ್ಚು ಸಿಟ್ಟು. ನನ್ನ ಗಂಡ ದಿನೇಶ್ ಕಾಪುವಿನಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವವರು. ಅವರಿಗೆ ಅಂಥವೇ ಇಷ್ಟ. ನನ್ನ ಬಾಯಿಗೆ ಹೆದರಿ ವಾಲ್ಯೂಮ್ ತಗ್ಗಿಸಿ ನೋಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ಮಾತ್ರ ಜೋರಾಗಿ ನಗುತ್ತಿದ್ದರು.

ಮೊದಲ ಕೀಮೋಗೆ ದಪ್ಪ ಕಾದಂಬರಿ ಹಿಡಿದುಕೊಂಡು ಹೋದೆ. ಒಂದೇ ಸಾಲು ಹನ್ನೊಂದು ಸಲ ಓದಿದೆ. ಪ್ರಶಸ್ತಿ ಬಂದ ಸಿನಿಮಾ ಹಾಕಿದೆ. ಹತ್ತೇ ನಿಮಿಷದಲ್ಲಿ ಅದರಲ್ಲೊಂದು ಮಗು ಸತ್ತಿತು. ಫೋನ್ ಮಗುಚಿ ಇಟ್ಟೆ. ಆಗ ಇವರು ತಮ್ಮ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಒಂದು ಕಾಮಿಡಿ ಹಾಕಿದರು. ಬೈಯಲು ಶಕ್ತಿ ಇರಲಿಲ್ಲ. ಅರ್ಧ ಗಂಟೆ ನಿದ್ದೆ ಹೋಗಿ ಎದ್ದರೂ ಕತೆ ತಪ್ಪಿರಲಿಲ್ಲ. ಅದು ನನಗಾಗಿ ಕಾದು ಕುಳಿತ ಹಾಗಿತ್ತು.

ನಾಲ್ಕನೇ ಕೀಮೋ ದಿನದ ಸಿನಿಮಾದಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬಳು ಟೀಚರ್, ಅವಳ ಮದುವೆಯನ್ನು ಬೇರೆ ಕಡೆ ನಿಶ್ಚಯ ಮಾಡಿಸುವ ಮಾವ. ಎಲ್ಲೋ ನೋಡಿದಂತಿದೆ ಅನಿಸಿತು. ಇಂಥವು ಎಲ್ಲವೂ ಹಾಗೆಯೇ ಅಲ್ವಾ, ಎಂದುಕೊಂಡೆ. ಇಂಟರ್ವಲ್ ಬರುವಾಗ ಡ್ರಿಪ್ ಮುಗಿಯಿತು. "ಉಳಿದದ್ದು ಮುಂದಿನ ಸಲ" ಎಂದು ಇವರು ಫೋನ್ ಕಿಸೆಗೆ ಹಾಕಿದರು.

ಆ ವಾರ ಜ್ವರ ಬಂತು. ರಕ್ತದ ಕೌಂಟ್ ಇಳಿಯಿತು. ಅಡ್ಮಿಟ್ ಆದೆ. ಬಾಯಿ ತುಂಬ ಹುಣ್ಣು. ಗಂಜಿಯ ತಿಳಿಯೂ ಬೆಂಕಿ.

ಮನೆಗೆ ಬಂದವಳೇ ಹೇಳಿದೆ: "ಇನ್ನು ಹೋಗುವುದಿಲ್ಲ."

"ಎರಡೇ ಬಾಕಿ, ನಿಲ್ಲಿಸಿದರೆ ಇಷ್ಟು ಮಾಡಿದ್ದೂ ನೀರಿಗೆ" ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದರು. ತಂಗಿ ಅತ್ತಳು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಐದನೇ ಕೀಮೋದ ಬೆಳಿಗ್ಗೆ ಇವರು ಮಂಚದ ಬದಿಯಲ್ಲಿ ಕುಳಿತರು.

"ಟೀಚರಿನ ಮದುವೆ ಎಂತ ಆಯ್ತು ಅಂತ ನೋಡುವುದು ಬೇಡ್ವಾ?"

"ಎಂತ ಆಗ್ಲಿಕ್ಕುಂಟು? ಕಂಡಕ್ಟರನ ಜೊತೆಯೇ ಆಗ್ತದೆ."

"ಗ್ಯಾರಂಟಿಯಾ?"

"ನೂರಕ್ಕೆ ನೂರು, ಮಾರಾಯ್ರೆ."

"ಅಷ್ಟು ಗ್ಯಾರಂಟಿ ಇರುವುದು ಈಗ ನಮ್ಮ ಹತ್ತಿರ ಅದೊಂದೇ ಅಲ್ವಾ. ಬಾ, ನೋಡುವ."

ಸ್ಕ್ಯಾನ್, ಕೌಂಟ್, ಡಾಕ್ಟರರ ಮುಖ, ಯಾವುದರ ಕೊನೆಯೂ ನನಗೆ ಗೊತ್ತಿರಲಿಲ್ಲ. ಕೊನೆ ಮೊದಲೇ ಗೊತ್ತಾಗುತ್ತದೆ ಎಂದು ಇಷ್ಟು ವರ್ಷ ನಾನು ಬೈದ ಸಿನಿಮಾಗಳು ಕೊಡುತ್ತಿದ್ದದ್ದು ಅದನ್ನೇ. ಹೆದರದೆ ಎರಡು ಗಂಟೆ ಕುಳಿತುಕೊಳ್ಳಲು ಒಂದು ಜಾಗ.

ತಲೆಗೆ ಶಾಲು ಕಟ್ಟಿಕೊಂಡೆ. ಹೋದೆವು.

ಪಕ್ಕದ ಕುರ್ಚಿಯಲ್ಲಿ ಪಡುಬಿದ್ರಿಯ ಅಕ್ಕ ಒಬ್ಬರಿದ್ದರು. ಅವರಿಗೂ ಡ್ರಿಪ್. ನಮ್ಮ ನಗು ಕೇಳಿ ಸಿನಿಮಾದ ಹೆಸರು ಕೇಳಿದರು, ಫೋನಿನಲ್ಲಿ ಹುಡುಕಿದರು.

"ಇಲ್ಲಿ ಒಬ್ಬಳು ಇದಕ್ಕೆ ಎಷ್ಟು ಬೈದಿದ್ದಾಳೆ ನೋಡಿ! ಇಂಟರ್ವಲ್‌ಗೇ ಎದ್ದು ಬಂದಳಂತೆ. ಪಾಪ, ಇವಳಿಗೆ ನಗ್ಲಿಕ್ಕೇ ಬರುವುದಿಲ್ಲವಾ ಅಂತ!"

ಫೋನ್ ನನ್ನ ಮುಂದೆ ಹಿಡಿದರು. ಉದ್ದ ಜಡೆಯ ಫೋಟೋ.

ನಾನೇ.

ಅಕ್ಕನಿಗೆ ಗುರುತು ಸಿಗಲಿಲ್ಲ. ಕೂದಲಿಲ್ಲ, ಹುಬ್ಬಿಲ್ಲ, ಹೇಗೆ ಸಿಗಬೇಕು? ಇವರ ಕಡೆ ತಿರುಗಿದೆ.

"ನಿಮಗೆ ಗೊತ್ತಿತ್ತಾ?"

"ಉಡುಪಿ ಥಿಯೇಟರಿನಿಂದ ಕೈ ಹಿಡಿದು ಎಳೆದುಕೊಂಡು ಬಂದದ್ದು ನೀನೇ ಅಲ್ವಾ" ಎಂದರು. "ಅವತ್ತಿನಿಂದ ಸೆಕೆಂಡ್ ಹಾಫ್ ಬಾಕಿ ಉಂಟು."

"ಒಬ್ಬರೇ ನೋಡಬಹುದಿತ್ತಲ್ಲ?"

"ಒಬ್ಬನೇ ನೋಡಿ ಎಂತ ಮಾಡುವುದು?"

ಮದುವೆ ಕಂಡಕ್ಟರನ ಜೊತೆಯೇ ಆಯಿತು. ನಾನು ಅತ್ತುಬಿಟ್ಟೆ. ನರ್ಸ್ ಓಡಿ ಬಂದು, ನೋವಾ ಎಂದು ಕೇಳಿದರು.

ಆರನೆಯದೂ ಮುಗಿಯಿತು. ಹೋದ ವಾರದ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. "ಸದ್ಯಕ್ಕೆ" ಎಂದರು ಡಾಕ್ಟರ್. ಮೂರು ತಿಂಗಳಿಗೊಮ್ಮೆ ಬರಬೇಕು. ಸದ್ಯಕ್ಕೆ ಎಂಬ ಪದವನ್ನೂ ಮನೆಗೆ ತಂದಿದ್ದೇನೆ. ಅದು ನಮ್ಮ ಜೊತೆಯೇ ಇರುತ್ತದೆ.

ಇವರು ಈಗ ವಾಲ್ಯೂಮ್ ತಗ್ಗಿಸುವುದಿಲ್ಲ. ಇವತ್ತು ಮಧ್ಯಾಹ್ನ ಮಸಾಲೆ ಅರೆಯುತ್ತಿದ್ದವಳು ನಗು ಕೇಳಿ ಮಿಕ್ಸಿ ನಿಲ್ಲಿಸಿದೆ.

"ಎಂತ ಆಯ್ತು?"

"ಎಂತ ಆಗ್ಬೇಕೋ ಅದೇ ಆಯ್ತು ಮಾರಾಯ್ತಿ. ಬಾ, ಆ ಸೀನ್ ಹಿಂದೆ ಮಾಡಿ ಹಾಕ್ತೇನೆ."