ಬಿಗಿದಷ್ಟೂ ಸೋರುವ ಗಾಳಿ

ನನ್ನ ತಂಗಿ ಜೂಡಿತ್‌ಳ ಗಂಡ ವರ್ನ್ ಅಹೋಲಾ ಎಲ್ಲಿ ಬೇಕಾದರೂ ನಿದ್ದೆ ಹೋಗುತ್ತಿದ್ದ. ಚರ್ಚಿನಲ್ಲಿ ಪಾದ್ರಿ ಬಾಯಿ ತೆರೆಯುವ ಮುಂಚೆಯೇ ಇವನ ಬಾಯಿ ತೆರೆದಿರುತ್ತಿತ್ತು. ಊಟದ ಮೇಜಿನ ಮುಂದೆ ಮಲಗಿದ್ದಾನೆ, ಕ್ಷೌರದ ಕುರ್ಚಿಯಲ್ಲಿ ಮಲಗಿದ್ದಾನೆ, ಮಗಳ ಮದುವೆಯಲ್ಲಿ ಫೋಟೋಕ್ಕೆಂದು ನಿಂತವನು ನಿಂತಲ್ಲೇ ತೂಕಡಿಸಿದ್ದಾನೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಾವೆಲ್ಲ ನಗುತ್ತಿದ್ದೆವು.

ನನ್ನ ಗಂಡ ತೀರಿಕೊಂಡ ಮೇಲೆ ನಾನು ಅವರ ಮನೆಯ ಮಹಡಿ ಕೋಣೆಗೆ ಬಂದೆ. ಅಲ್ಲಿಗೆ ನನ್ನ ನಗು ನಿಂತಿತು. ಅಬ್ಬಬ್ಬಾ, ಆ ಗೊರಕೆ! ಗೊರಕೆಯಾದರೂ ಸಹಿಸಬಹುದು. ನಡುನಡುವೆ ಅದು ಗಕ್ಕನೆ ನಿಂತುಹೋಗುತ್ತಿತ್ತು. ಉಸಿರೇ ಇಲ್ಲ. ನಾನು ಮೇಲೆ ಕಣ್ಣು ಬಿಟ್ಟುಕೊಂಡು ಕಾಯಬೇಕು. ಆಮೇಲೆ ನೀರಲ್ಲಿ ಮುಳುಗಿದವನು ಎದ್ದ ಹಾಗೆ ಒಂದು ದೊಡ್ಡ ಗುಟುಕು, ಮತ್ತೆ ಗೊರಕೆ. ಬೆಳಿಗ್ಗೆ ಕೇಳಿದರೆ, "ನಾನು ಚೆನ್ನಾಗೇ ಮಲಗಿದ್ನಲ್ಲ" ಅನ್ನುತ್ತಿದ್ದ ಮಹಾರಾಯ.

ಅವನ ಕೆಲಸ ಮರದ ದಿಮ್ಮಿ ಸಾಗಿಸುವುದು. ಮಿಶಿಗನ್‌ನ ಈ ಉತ್ತರದ ತುದಿಯಲ್ಲಿ ಕಾಡು ಬಿಟ್ಟರೆ ಸರೋವರ, ಸರೋವರ ಬಿಟ್ಟರೆ ಹಿಮ. ಕಾಡಿನಿಂದ ಕಾಗದದ ಕಾರ್ಖಾನೆಗೆ ಲಾರಿ ಓಡಿಸುತ್ತಲೇ ಅವನ ಕೂದಲು ಬೆಳ್ಳಗಾಗಿತ್ತು. ಅವನಪ್ಪನೂ ಅದನ್ನೇ ಮಾಡಿದ್ದು. ಅಪ್ಪ ಕಲಿಸಿದ ಪಾಠ ಒಂದೇ: ದಿಮ್ಮಿ ಕಟ್ಟಿದ ಸರಪಳಿ ಸಡಿಲ ಅನ್ನಿಸಿದರೆ ಇನ್ನೊಂದು ಸುತ್ತು ಬಿಗಿ. ಎಳೆಯ ವಯಸ್ಸಿನಲ್ಲಿ ವರ್ನ್ ತನ್ನ ಮುಂದಿನ ಲಾರಿಯ ದಿಮ್ಮಿಗಳು ರಸ್ತೆಗೆ ಉರುಳಿದ್ದನ್ನು ಕಣ್ಣಾರೆ ಕಂಡವನು. ಆ ಲಾರಿಯ ಹಿಂದೆ, ಇವನಿಗಿಂತ ಮುಂದೆ, ಒಂದು ಕಾರಿತ್ತು. ಅದರ ಬಗ್ಗೆ ಅವನು ಮಾತಾಡುವುದಿಲ್ಲ. ಬೇರೆಯವರು ಸರಪಳಿ ಒಮ್ಮೆ ನೋಡಿದರೆ ಇವನು ದಾರಿಯಲ್ಲಿ ಇಳಿದಿಳಿದು ನೋಡುತ್ತಾನೆ. ಹಾಗಾಗಿ ಊರಿನಲ್ಲಿ ಅವನಿಗೆ ಮರ್ಯಾದೆ ಇತ್ತು.

ಲಾರಿ ಓಡಿಸುವವರಿಗೆ ಡಾಕ್ಟರ ಸರ್ಟಿಫಿಕೇಟು ಬೇಕು, ಅದಿಲ್ಲದೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಕಳೆದ ಚಳಿಗಾಲದ ಕೊನೆಗೆ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಅವನ ಕುತ್ತಿಗೆಗೆ ಅಳತೆ ಟೇಪು ಸುತ್ತಿದರು, ಹುಬ್ಬು ಗಂಟಿಕ್ಕಿದರು, ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟರು. ಗಂಟೆಗೆ ನಲವತ್ತು ಸಲ ಇವನ ಉಸಿರು ನಿಲ್ಲುತ್ತಿದೆ ಎಂದು ಫಲಿತಾಂಶ ಬಂತು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ರಾತ್ರಿಯಿಡೀ ಗಾಳಿ ಊದುವ ಯಂತ್ರ ಹಾಕಿಕೊಂಡು ಮಲಗಬೇಕು. ಕಡಿಮೆಯೆಂದರೆ ನಾಲ್ಕು ಗಂಟೆ, ಹತ್ತರಲ್ಲಿ ಏಳು ರಾತ್ರಿಯಾದರೂ. ಮೂರು ತಿಂಗಳ ಲೆಕ್ಕ ಸರಿಯಿದ್ದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಇಲ್ಲ.

"ನಿದ್ದೆ ಮಾಡೋದು ಹೇಗೆ ಅಂತ ನನಗೆ ಹೇಳಿಕೊಡ್ತಾರಂತೆ!" ಎಂದು ಬಂದವನೇ ಟೋಪಿ ಎಸೆದ. "ಈ ಜಿಲ್ಲೇಲಿ ನನ್ನಷ್ಟು ನಿದ್ದೆ ಮಾಡಿದೋನು ಯಾವನಿದಾನೆ?"

"ಅದನ್ನೇ ಅವರು ಹೇಳಿದ್ದು ಕಣೋ," ಎಂದೆ.

ಹಿಮ ಕರಗುವ ಕಾಲ ಹತ್ತಿರವಿತ್ತು. ಆಗ ರಸ್ತೆ ಮೆತ್ತಗಾಗುತ್ತದೆಂದು ಭಾರದ ಲಾರಿಗಳನ್ನು ವಾರಗಟ್ಟಲೆ ನಿಲ್ಲಿಸುತ್ತಾರೆ. ಹೇಗೂ ಮನೆಯಲ್ಲೇ ಇರುತ್ತಾನೆ, ಅಷ್ಟರೊಳಗೆ ಅಭ್ಯಾಸವಾಗಿಬಿಡುತ್ತದೆ ಎಂದು ಜೂಡಿತ್ ಅಂದುಕೊಂಡಳು. ರಸ್ತೆ ತೆರೆದ ದಿನ ಅವನ ಕೈಯಲ್ಲಿ ಸರ್ಟಿಫಿಕೇಟು ಇಲ್ಲದಿದ್ದರೆ ಲಾರಿ ಮಾರುವುದೊಂದೇ ದಾರಿ. "ಲಾರಿ ಬಿಟ್ರೆ ನನಗೆ ಬರೋದು ಮೀನು ಹಿಡಿಯೋದು, ಅದೂ ನೆಟ್ಟಗೆ ಬರಲ್ಲ," ಎಂದು ವರ್ನ್ ನಗುತ್ತಲೇ ಹೇಳಿದ. ಜೂಡಿತ್ ನಗಲಿಲ್ಲ.

ಯಂತ್ರ ಬಂತು. ರೊಟ್ಟಿ ಡಬ್ಬಿಯಷ್ಟು ದೊಡ್ಡದು. ಗಾಳಿ ಒಣಗದಿರಲೆಂದು ಅದರಲ್ಲೊಂದು ನೀರಿನ ತೊಟ್ಟಿ, ತೇವ ಎಷ್ಟು ಬೇಕೆಂದು ತಿರುಗಿಸಲು ಒಂದು ಗುಂಡಿ. ಶನಿವಾರ ತಪ್ಪದೆ ಸೌನಾದಲ್ಲಿ ಕೂತು ಕಾದ ಕಲ್ಲಿಗೆ ನೀರು ಎರಚಿ ಹಬೆ ಕುಡಿಯುವ ಜನ ನಾವು. ನೆಗಡಿಗೂ ಹಬೆ, ಬೆನ್ನುನೋವಿಗೂ ಹಬೆ, ಗಂಡಹೆಂಡಿರ ಜಗಳಕ್ಕೂ ಹಬೆ. ವರ್ನ್ ಗುಂಡಿಯನ್ನು ಕೊನೆಯ ತನಕ ತಿರುಗಿಸಿದ. ಅದರ ಮೇಲೆ, ಅವನ ಅಪ್ಪ ಅಜ್ಜಂದಿರ ಹಾಗೆ, ಕಿಟಕಿ ತೆರೆದಿಟ್ಟು ಮಲಗಿದ. ಹೊರಗೆ ಹಿಮ, ಒಳಗೆ ಬಿಸಿ ಹಬೆ. ಪೈಪಿನೊಳಗೆ ಹಬೆಯೆಲ್ಲ ನೀರಾಗಿ ಮೂಗಿಗೇ ಸುರಿಯಿತು. ಕೆಮ್ಮಿ, ಸೀನಿ, ದೇವರನ್ನೂ ಸೈತಾನನನ್ನೂ ಒಟ್ಟಿಗೆ ಕರೆದ ಸದ್ದಿಗೆ ನಾನು ಮಹಡಿಯಿಂದ ಇಳಿದು ಬಂದೆ.

ಯಂತ್ರ ಕೊಟ್ಟ ಅಂಗಡಿಯಲ್ಲಿ ಶೆಲ್ಲಿ ಎಂಬ ಹುಡುಗಿ ಇದ್ದಾಳೆ, ಉಸಿರಾಟದ ವಿಷಯ ಓದಿದವಳು. ಅವಳಿಗೆ ಫೋನ್ ಮಾಡಿದೆವು. ನಕ್ಕು ಮುಗಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ತೇವ ಅರ್ಧಕ್ಕಿಂತ ಕೆಳಗಿಳಿಸಿ ವರ್ನ್. ಕಿಟಕಿ ಮುಚ್ಚಿ."

"ಕಿಟಕಿ ಮುಚ್ಚಲ್ಲ."

"ಸರಿ ಮಾರಾಯ್ರೆ, ಹಾಗಾದ್ರೆ ಪೈಪನ್ನ ಕಂಬಳಿ ಒಳಗೆ ತಗೊಂಡು ಮಲಗಿ. ಬೆಚ್ಚಗಿದ್ರೆ ನೀರಾಗಲ್ಲ."

ನೀರಿನ ಕಾಟ ತಪ್ಪಿತು. ಆದರೆ ಅವನು ಮಾಸ್ಕ್ ಕಿತ್ತೆಸೆಯುವುದು ತಪ್ಪಲಿಲ್ಲ. ಉಸಿರು ಕಟ್ಟುತ್ತದೆ, ಯಾರೋ ಮುಖದ ಮೇಲೆ ದಿಂಬು ಒತ್ತಿದ ಹಾಗಾಗುತ್ತದೆ ಎಂದ. ಯಂತ್ರವು ಹಗೂರ ಗಾಳಿಯಿಂದ ಶುರುಮಾಡಿ ನಿಧಾನಕ್ಕೆ ಜೋರಾಗುವಂತೆ ಇಟ್ಟಿದ್ದರು. ಕಷ್ಟವಾಗದಿರಲಿ ಎಂದು ಇಟ್ಟದ್ದೇ ಇವನಿಗೆ ಕಷ್ಟವಾಗಿತ್ತು. ಅವನ ಅಗಲವಾದ ಎದೆಗೂಡಿಗೆ ಆ ಹಗೂರ ಗಾಳಿ ಎಲ್ಲಿಯ ಲೆಕ್ಕ! ಶೆಲ್ಲಿ ಅಂಗಡಿಯಲ್ಲಿ ಕೂತೇ, ಯಂತ್ರ ರಾತ್ರಿರಾತ್ರಿಯ ಲೆಕ್ಕ ಕಳಿಸುವ ಕಂಪ್ಯೂಟರಿನಿಂದಲೇ, ಅದನ್ನು ತಿದ್ದಿದಳು. ಶುರುವಿನ ಗಾಳಿಯನ್ನು ಒಂದಿಷ್ಟು ಏರಿಸಿದಳು, ಏರುವ ಹೊತ್ತನ್ನು ಕಡಿಮೆ ಮಾಡಿದಳು. ಉಸಿರು ಕಟ್ಟುವುದು ನಿಂತಿತು.

ಇಷ್ಟಾದ ಮೇಲೆ ಉಳಿದದ್ದು ಸೋರಿಕೆ. ಮಾಸ್ಕಿನ ಅಂಚಿನಿಂದ ಗಾಳಿ ಸುಯ್ಯೆಂದು ಹೊರಟು ನೇರ ಕಣ್ಣಿಗೆ ಹೊಡೆಯುತ್ತಿತ್ತು. ವರ್ನ್‌ಗೆ ಗೊತ್ತಿದ್ದ ಮದ್ದು ಒಂದೇ. ತಲೆಯ ಹಿಂದಿನ ಪಟ್ಟಿ ಬಿಗಿದ. ಇನ್ನೂ ಸೋರಿತು, ಇನ್ನೂ ಬಿಗಿದ. ಬೆಳಿಗ್ಗೆ ಅವನ ಮುಖದ ಮೇಲೆ ಕೆಂಪು ಗೀರುಗಳು, ಮೂಗಿನ ಮೇಲೆ ಹುಣ್ಣು. ಕಾಫಿ ಕುಡಿಯಲು ಹೋದ ಕಡೆ ಹಳೆಯ ಚಾಲಕರು ಬಿಡುತ್ತಾರೆಯೇ?

"ಏನೋ ವರ್ನ್, ಜೂಡಿತ್ ಲಟ್ಟಣಿಗೆ ತಗೊಂಡ್ಲಾ?"

ಶೆಲ್ಲಿ ಫೋನಿನಲ್ಲಿ ಪಟ್ಟಿ ಸಡಿಲ ಮಾಡಿ ಎಂದು ಹೇಳಿಯೇ ಹೇಳಿದಳು. ಜೂಡಿತ್ ಹೇಳಿದಳು. ನಾನು ಬೈದೆ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. "ಸಡಿಲ ಮಾಡಿದ್ರೆ ನಿಲ್ಲುತ್ತೆ ಅಂತ ಯಾವ ಊರಲ್ಲಿ ಹೇಳ್ತಾರೆ?" ಎಂದು ಕೇಳಿ ನಮ್ಮ ಬಾಯಿ ಮುಚ್ಚಿಸಿದ. ಅಷ್ಟರಲ್ಲಿ ಹತ್ತಿರಹತ್ತಿರ ಒಂದು ತಿಂಗಳು ಹಾಳಾಗಿತ್ತು. ಹೀಗೇ ಹೋದರೆ ಲೆಕ್ಕ ಕೂಡುವುದಿಲ್ಲ ಎಂದು ಶೆಲ್ಲಿ ಜೂಡಿತ್‌ಗೆ ಬೇರೆಯಾಗಿ ಫೋನ್ ಮಾಡಿ ಹೇಳಿದಳು. ಜೂಡಿತ್ ಹಿಟ್ಟು ನಾದುತ್ತಿದ್ದವಳು ಕೈ ತೊಳೆಯದೆ ಹಾಗೇ ಕೂತುಬಿಟ್ಟಳು. ನನಗೆ ಅವನ ಮೇಲೆ ಸಿಟ್ಟು ಬಂತು. ಗಂಡಸರಿಗೆ ಒಂದು ಪಾಠ ಕಲಿಸಬಹುದು, ಆ ಪಾಠ ಮರೆಸುವುದು ಮಾತ್ರ ದೇವರಿಂದಲೂ ಆಗದು.

ಕೊನೆಗೆ ವರ್ನ್ ಮೋಸಕ್ಕೆ ಇಳಿದ. ಒಂದು ಮಧ್ಯಾಹ್ನ ಯಂತ್ರವನ್ನು ಹೊತ್ತು ತಂದು ಟಿ.ವಿ. ಮುಂದೆ ತನ್ನ ಕುರ್ಚಿಯ ಪಕ್ಕ ಇಟ್ಟ.

"ಇದೇನೋ ಇದು?" ಎಂದೆ.

"ನಾನು ಮಲಗಿದೀನೋ ಮ್ಯಾಚು ನೋಡ್ತಿದೀನೋ ಇದಕ್ಕೇನು ಗೊತ್ತು? ಗಾಳಿ ಊದಿದ್ದಷ್ಟೇ ಲೆಕ್ಕ. ಎದ್ದಿದ್ದೇ ನಾಲ್ಕು ಗಂಟೆ ತುಂಬಿಸ್ತೀನಿ."

"ನಾಚಿಕೆ ಆಗಲ್ವಾ?"

"ಇಲ್ಲ," ಎಂದ. ನಿಜವಾಗಿಯೂ ಆದ ಹಾಗೆ ಕಾಣಲಿಲ್ಲ.

ಐಸ್ ಹಾಕಿಯ ಪಂದ್ಯ ಶುರುವಾಯಿತು. ಮಾಸ್ಕ್ ಹಾಕಿಕೊಂಡು ಕಾಫಿ ಕುಡಿಯುವುದಕ್ಕಾಗುವುದಿಲ್ಲ, ಬಾಯಿ ತೆರೆದರೆ ಮೂಗಿನ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಗುಟುಕು ಗುಟುಕಿಗೂ ಅದನ್ನು ಎತ್ತಬೇಕು. ಬಿಗಿದ ಪಟ್ಟಿಯನ್ನು ಎಷ್ಟು ಸಲ ಬಿಚ್ಚುವುದು? ಬೇಸತ್ತು ಅದನ್ನು ಪೂರ್ತಿ ಸಡಿಲಿಸಿ, ಮಾಸ್ಕನ್ನು ಮೂಗಿನ ಮೇಲೆ ಸುಮ್ಮನೆ ಕೂರಿಸಿಕೊಂಡ. ಹೇಗೂ ಮೋಸ ತಾನೆ, ಸೋರಿದರೆ ಸೋರಲಿ.

ನಾವಿಬ್ಬರೂ ಅಡುಗೆಮನೆಯಲ್ಲಿ ಸಿಹಿ ರೊಟ್ಟಿಗೆ ಏಲಕ್ಕಿ ಕುಟ್ಟುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಜೂಡಿತ್ ಕುಟ್ಟುವುದನ್ನು ನಿಲ್ಲಿಸಿದಳು. ಗೊರಕೆಯಿಲ್ಲ, ಬೈಗುಳವಿಲ್ಲ, ಸುಯ್ಯೆನ್ನುವ ಸದ್ದೂ ಇಲ್ಲ. ಹೋಗಿ ನೋಡಿದರೆ ವರ್ನ್ ಕುರ್ಚಿಯಲ್ಲಿ ಬಾಯಿ ಮುಚ್ಚಿ ಮಲಗಿದ್ದ. ಅವನ ಬಾಯಿ ಮುಚ್ಚಿದ ನಿದ್ದೆಯನ್ನು ನಾನು ನೋಡಿದ್ದು ಅದೇ ಮೊದಲು. ಜೂಡಿತ್ ಏಲಕ್ಕಿಯ ಕೈಯನ್ನು ಮಾಸ್ಕಿನಲ್ಲಿ ಉಸಿರು ಹೊರಹೋಗುವ ತೂತಿನ ಮುಂದೆ ಹಿಡಿದಳು. ಉಸಿರು ಬರುತ್ತಿತ್ತು, ಒಂದಾದ ಮೇಲೊಂದು, ಎಲ್ಲೂ ತಪ್ಪದೆ. ಅವಳು ಬಹಳ ಹೊತ್ತು ಕೈ ಹಾಗೇ ಹಿಡಿದು ನಿಂತಿದ್ದಳು.

ಕತ್ತಲಾಗುವ ಹೊತ್ತಿಗೆ ಎದ್ದು, "ಯಾರು ಗೆದ್ರು?" ಎಂದ.

ಮರುದಿನ ತಾನೇ ಶೆಲ್ಲಿಯ ಅಂಗಡಿಗೆ ಹೋದ. ನಾನೂ ಜೊತೆಗಿದ್ದೆ. ಅವಳು ಅವನನ್ನು ಮಂಚದ ಮೇಲೆ ಮಲಗಿಸಿ, ಗಾಳಿ ಬಿಟ್ಟು, ಪಟ್ಟಿ ಸರಿಮಾಡಿದಳು.

"ಕೂತು ಕಟ್ಟಬೇಡಿ, ಮಲಗಿ ಕಟ್ಟಿ. ಈ ರಬ್ಬರು ಗಾಳಿಗೆ ಉಬ್ಬಿ ತಾನೇ ಮುಖಕ್ಕೆ ಅಂಟಬೇಕು. ಬಿಗಿದ್ರೆ ಮಡಿಕೆ ಬೀಳುತ್ತೆ, ಮಡಿಕೇಲೇ ಸೋರೋದು. ಒಂದು ಬೆರಳು ತೂರೋ ಹಾಗಿರಲಿ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದ ವರ್ನ್.

ಶೆಲ್ಲಿ ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ.

ಲೆಕ್ಕ ಕೂಡಿತು, ಕೂದಲೆಳೆಯಲ್ಲಿ. ರಸ್ತೆ ತೆರೆಯುವ ಮುಂಚಿನ ವಾರ ಮೂವರೂ ಕಾರಿನಲ್ಲಿ ಪಟ್ಟಣಕ್ಕೆ ಹೋಗಿ ಬಂದೆವು. ಡಾಕ್ಟರಮ್ಮ ಸರ್ಟಿಫಿಕೇಟಿಗೆ ಸಹಿ ಹಾಕಿ, "ಬಿಡಬೇಡಿ ಅಷ್ಟೆ," ಎಂದರು. ವರ್ನ್ ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಗುಂಡಿ ಹಾಕಿ, ಮೇಲೊಮ್ಮೆ ತಟ್ಟಿಕೊಂಡ.

ವಾಪಸು ಬರುವಾಗ ಅವನೇ ಕಾರು ಓಡಿಸುತ್ತಿದ್ದ. ಜೂಡಿತ್ ಪಕ್ಕದಲ್ಲಿ, ನಾನು ಹಿಂದೆ. ನನ್ನ ತಂಗಿ ಕಾರು ಹತ್ತಿದರೆ ಬಾಯಿ ಮುಚ್ಚುವವಳಲ್ಲ. ದಾರಿಬದಿಯ ಬೋರ್ಡು ಓದುತ್ತಾಳೆ, ಪೆಪ್ಪರ್‌ಮಿಂಟ್ ಬಿಚ್ಚಿ ಗಂಡನ ಬಾಯಿಗೆ ಹಾಕುತ್ತಾಳೆ, ಕೆಲಸಕ್ಕೆ ಬಾರದ ಪ್ರಶ್ನೆ ಕೇಳುತ್ತಾಳೆ, ಭುಜ ಹಿಡಿದು ಅಲ್ಲಾಡಿಸುತ್ತಾಳೆ. "ಒಂದು ಗಳಿಗೆ ಸುಮ್ಮನಿರೇ ತಾಯಿ, ತಲೆ ಚಿಟ್ಟು ಹಿಡೀತು," ಎಂದು ಇಷ್ಟು ವರ್ಷ ನಾನು ಅವಳನ್ನು ಬೈಯದ ಪ್ರಯಾಣವಿಲ್ಲ. ಈ ಸಲ ಪಟ್ಟಣ ದಾಟುವವರೆಗೆ ಏನೋ ಹೇಳುತ್ತಿದ್ದಳು. ಆಮೇಲೆ ಮಾತು ನಿಂತಿತು. ಬಗ್ಗಿ ನೋಡಿದರೆ ತಲೆ ಗಾಜಿಗೆ ಆನಿಸಿ ನಿದ್ದೆ ಹೋಗಿದ್ದಳು.

ಆಗ ನನಗೆ ಹೊಳೆಯಿತು. ಅಯ್ಯೋ, ಎಂಥ ಪೆದ್ದಿ ನಾನು. ಅವಳದು ಬಾಯಿಬಡುಕತನವಲ್ಲ, ಕಾವಲು. ಮದುವೆಯಾದಾಗಿನಿಂದ ಇವನ ಪಕ್ಕ ಕೂತು ಒಂದು ದಿನವೂ ಕಣ್ಣು ಮುಚ್ಚಿರಲಿಲ್ಲ ಅವಳು. ಯಾರಿಗೂ ಹೇಳಿರಲಿಲ್ಲ, ನನಗೂ.

ವರ್ನ್ ರೇಡಿಯೋ ಆರಿಸಿದ. ಕನ್ನಡಿಯಲ್ಲಿ ನನ್ನನ್ನು ನೋಡಿ ಮೆಲ್ಲಗೆ ಕೇಳಿದ:

"ಇವಳು ಕಾರಲ್ಲಿ ಮಲಗೋದು ಯಾವಾಗಿಂದ?"

"ಇವತ್ತಿಂದ," ಎಂದೆ.

ಅವನ ಕಿವಿಯ ತುದಿ ಕೆಂಪಾಯಿತು. ನಮ್ಮ ಮನೆಯ ತಿರುವು ಬಂತು. ಪೆಟ್ರೋಲಿನ ಒಂದು ಹನಿಗೂ ಗೊಣಗುವ ಮನುಷ್ಯ ತಿರುಗಿಸದೆ ನೇರಕ್ಕೆ ಹೋದ, ಸರೋವರದ ಕಡೆಗೆ, ವೇಗ ತಗ್ಗಿಸಿ, ಗುಂಡಿ ತಪ್ಪಿಸಿಕೊಂಡು. ನನಗೆ ಮನೆಗೆ ಹೋಗಿ ಬಾತ್‌ರೂಮು ಸೇರುವ ಅವಸರವಿತ್ತು. ಕಾಲು ಬಿಗಿಹಿಡಿದು ಸುಮ್ಮನೆ ಕೂತೆ.