ನನ್ನ ಕುರ್ಚಿಗೆ ಬರುತ್ತಿದ್ದ ಕಳ್ಳ

ಬಾಗಿಲು ತಟ್ಟಿದಾಗ ಒಳಗಿನಿಂದ ‘ಯಾರು?’ ಎಂದು ಕೇಳಿದರೆ ‘ನಾನು’ ಎಂದು ಉತ್ತರಿಸುವವರ ಪೈಕಿ ನಾನೂ ಒಬ್ಬಳು. ಯೋಚಿಸಿದರೆ ಇದರಷ್ಟು ಪ್ರಯೋಜನಕ್ಕೆ ಬಾರದ ಉತ್ತರ ಇನ್ನೊಂದಿಲ್ಲ. ಲೋಕದಲ್ಲಿ ‘ನಾನು’ ಅಲ್ಲದವರು ಯಾರಿದ್ದಾರೆ? ಆದರೂ ಬಾಗಿಲು ತೆರೆಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ತತ್ವಶಾಸ್ತ್ರದ ಎಂ.ಎ. ಓದುವಾಗ ನಮ್ಮ ಮೇಷ್ಟ್ರು, ಎಂದೋ ಎಲ್ಲೋ ಕಂಡಿದ್ದ, ಶಾಸ್ತ್ರಗ್ರಂಥಗಳ ಉದಾಹರಣೆಗೆಂದೇ ಹುಟ್ಟಿದ ದೇವದತ್ತನನ್ನು ಇಂದು ಇಲ್ಲಿ ಕಂಡು ‘ಅವನೇ ಇವನು’ ಎಂದು ಗುರುತಿಸುವುದು ಹೇಗೆ ಎಂಬುದನ್ನು ವಾರಗಟ್ಟಲೆ ಪಾಠ ಮಾಡಿದ್ದರು. ಆ ಪ್ರಶ್ನೆಗೆ ನನಗೆ ಒಳ್ಳೆಯ ಅಂಕ ಬಂದಿತ್ತು ಎಂದು ನೆನಪು. ಆದರೆ ನನ್ನ ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಅಂಕಗಳ ವಿಷಯದಲ್ಲಂತೂ ಅದು ಬಹಳ ಧಾರಾಳಿ.

ಕಂಪ್ಯೂಟರಿಗೆ ಈ ಜಿಜ್ಞಾಸೆಯೆಲ್ಲ ಇಲ್ಲ. ಹೆಸರು ಹೇಳು, ಪಾಸ್‌ವರ್ಡ್ ಹೇಳು, ಎರಡೂ ಸರಿಯಿದ್ದರೆ ನೀನೇ ದೇವದತ್ತ. ಅದೇ ಹೆಸರು ಹೇಳಿಕೊಂಡು ಇಬ್ಬರು ದೇವದತ್ತರು ಬಂದರೆ ಏನಾಗುತ್ತದೆ ಎಂಬುದನ್ನು ಮೇಷ್ಟ್ರೂ ಹೇಳಿಕೊಡಲಿಲ್ಲ, ಕಂಪ್ಯೂಟರ್ ಮಾರಿದವನೂ ಹೇಳಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ಮೇಟಗಳ್ಳಿಯ ಒಂದು ಸಣ್ಣ ಪಂಪು ಕಾರ್ಖಾನೆಯ ಕಚೇರಿಯಲ್ಲಿ ಕೊಟೇಶನ್ನು, ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಒಂದು ಭಾನುವಾರ ಬಚ್ಚಲಲ್ಲಿ ಜಾರಿ ಬಿದ್ದು ಹಿಮ್ಮಡಿಯ ಮೇಲಿನ ಮೂಳೆ ಮುರಿದುಕೊಂಡೆ. ರಜೆ ಕೇಳಿದರೆ ಮ್ಯಾನೇಜರು ತಾತ್ಕಾಲಿಕವಾಗಿ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದರು. ‘ತಾತ್ಕಾಲಿಕ’ ಎಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಕಚೇರಿಯ ತಗಡಿನ ಮಾಡು ಕೂಡ ತಾತ್ಕಾಲಿಕವೇ. ಅದರ ಕೆಳಗೆ ಎಷ್ಟೋ ಜನ ಸೇರಿ, ನಿವೃತ್ತರಾಗಿ ಹೋಗಿದ್ದರು. ಹಾಗಾಗಿ ನಾನೇ ಒಂದು ಉಪಾಯ ಹೇಳಿದೆ. ರಿಮೋಟ್ ಡೆಸ್ಕ್‌ಟಾಪ್ ಎಂಬುದೊಂದಿದೆ, ಸರಸ್ವತೀಪುರಂನ ನನ್ನ ಮನೆಯಲ್ಲಿ ಕೂತು ಅಲ್ಲಿನ ಕಂಪ್ಯೂಟರನ್ನು ನಡೆಸಬಹುದು ಎಂದು. ಮ್ಯಾನೇಜರು, “ಮನೇಲಿ ಕಾಲು ಚಾಚ್ಕೊಂಡು ಕೂತವ್ರು ಆಫೀಸಲ್ಲಿ ಹೆಂಗ್ರೀ ಇರ್ತೀರಾ? ಆಯ್ತು, ಶನಿವಾರದವರೆಗೆ ನೋಡೋಣ” ಎಂದರು.

ತಂತ್ರಜ್ಞನೊಬ್ಬ ಬಂದು ಎಲ್ಲ ಜೋಡಿಸಿ ಹೋದ. ಇಡೀ ಕಚೇರಿಗೆ ಇದ್ದದ್ದು ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅದನ್ನೇ ನನಗೂ ಕೊಟ್ಟ. ನನ್ನ ಕಂಪ್ಯೂಟರಿನ ಮೇಲೆ ಒಂದು ಕಣ್ಣಿಟ್ಟಿರಲು ಪಕ್ಕದ ಮೇಜಿನ ಶಿವರುದ್ರಪ್ಪನವರಿಗೆ ಒಪ್ಪಿಸಿದರು. ಅವರು ಲೆಕ್ಕಪತ್ರದವರು, ನನಗಿಂತ ಹಿರಿಯರು. ಹಣೆಯ ವಿಭೂತಿ ಸಂಜೆಯಾದರೂ ಮಾಸುತ್ತಿರಲಿಲ್ಲ. ವಹಿಸಿದ ಕೆಲಸವನ್ನು ವಹಿಸಿದ್ದಕ್ಕಿಂತ ಹೆಚ್ಚಾಗಿಯೇ ಮಾಡುವವರು. ಆಮೇಲೆ ಆದದ್ದಕ್ಕೆಲ್ಲ ಅವರ ಈ ಸದ್ಗುಣವೇ ಮೂಲ.

ಸೋಮವಾರ ಬೆಳಿಗ್ಗೆ ಟೆಲಿಫೋನ್ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ಅದು ಕೀಚಲು ದನಿಯಲ್ಲಿ ಅತ್ತು ಕರೆದು ಸುಮ್ಮನಾದ ಮೇಲೆ ಮೇಟಗಳ್ಳಿಯ ನನ್ನ ಪರದೆ ಸರಸ್ವತೀಪುರಂನಲ್ಲಿ ಮೂಡಿತು. ರೋಮಾಂಚನವಾಯಿತು. ಒಂದು ಪತ್ರಕ್ಕೆ ‘ಮಾನ್ಯರೇ’ ಎಂದು ಬರೆಯುವಷ್ಟರಲ್ಲಿ ಪರದೆ ಮಾಯ. ‘ಬೇರೊಬ್ಬರು ಬಂದಿರುವುದರಿಂದ ನಿಮ್ಮ ಸಂಪರ್ಕ ಕಡಿದಿದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದು ಉಳಿಯಿತು. ತಂತಿ ಕಿತ್ತು ಫೋನಿಗೆ ಸಿಕ್ಕಿಸಿ ಶಿವರುದ್ರಪ್ಪನವರನ್ನು ಕರೆದೆ. ನಮ್ಮ ಮನೆಯಲ್ಲಿದ್ದದ್ದು ಒಂದೇ ಲೈನು. ಫೋನಿನಲ್ಲಿದ್ದರೆ ಕಂಪ್ಯೂಟರಿಲ್ಲ, ಕಂಪ್ಯೂಟರಿನಲ್ಲಿದ್ದರೆ ಫೋನಿಲ್ಲ.

“ಸಾರ್, ಯಾರೋ ಒಳಗೆ ಬಂದಿದ್ದಾರೆ ಅಂತಿದೆ.”

“ಅಯ್ಯೋ, ಇಲ್ಲೂ ಅಂಗೇ ಆಯ್ತು ಸುಮಿತ್ರಮ್ಮ! ಯಾರೂ ಮುಟ್ಲೇ ಇಲ್ಲ, ತಾನಾಗೇ ಮುಚ್ಕೊಂಬುಡ್ತು. ನಾನು ಪಾಸ್‌ವರ್ಡ್ ಹೊಡ್ದು ಈಗ ಸರಿ ಮಾಡಿದ್ದೀನಿ. ಚೆನ್ನಾಗಿ ನಡೀತೈತೆ, ನೀವು ಬನ್ನಿ.”

ನಾನು ಹೋದೆ. ಒಳಗೆ ಬಿಟ್ಟಿತು. ಮತ್ತೆ ಹೊರಗೆ ಹಾಕಿತು. ಮತ್ತೆ ಫೋನು. “ಮತ್ತೆ ಬಂದಿದ್ದ ಕಣಮ್ಮ, ಓಡಿಸ್ಬುಟ್ಟೆ” ಎಂದರು ಅವರು. ಸರ್ವನಾಮ ‘ಅದು’ ಹೋಗಿ ‘ಅವನು’ ಆಗಿತ್ತು. ಆ ಕ್ಷಣದಿಂದ ನಮ್ಮಿಬ್ಬರ ನಡುವೆ ಒಬ್ಬ ಕಳ್ಳ ಹುಟ್ಟಿದ.

ಮಂಗಳವಾರದ ಹೊತ್ತಿಗೆ ಅವನಿಗೆ ಸ್ವಭಾವವೂ ಬಂದಿತ್ತು. ಎದುರು ಕಂಪನಿಯವನು, ನಮ್ಮ ಪಂಪುಗಳ ದರ ತಿಳಿಯಲು ಬರುತ್ತಾನೆ ಎಂದು ಶಿವರುದ್ರಪ್ಪನವರು. ವಿದೇಶದವನಿರಬೇಕು ಎಂದು ನಾನು. ಇಂಗ್ಲಿಷ್ ವಾಕ್ಯ ಅಷ್ಟು ಶುದ್ಧವಾಗಿತ್ತು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಅವನು ಬರುತ್ತಿರಲಿಲ್ಲ, ನನ್ನ ಕೆಲಸ ಸರಾಗವಾಗಿ ಸಾಗುತ್ತಿತ್ತು. ಅದು ಶಿವರುದ್ರಪ್ಪನವರು ಬುತ್ತಿ ಬಿಚ್ಚುವ ಸಮಯ. “ಪಾಪ, ಅವ್ನೂ ಉಂಡೇ ಬರ್ಬೇಕಲ್ಲ” ಎಂದರು ಅವರು. ನನಗೂ ಅದು ಯುಕ್ತಿಯುಕ್ತವಾಗಿಯೇ ತೋರಿತು. ತತ್ವಶಾಸ್ತ್ರ ಓದಿದವರ ಕಷ್ಟವೇ ಇದು: ಎಲ್ಲದಕ್ಕೂ ಕಾರಣ ಹೊಳೆಯುತ್ತದೆ, ನಿಜವಾದದ್ದೊಂದನ್ನು ಬಿಟ್ಟು.

ಬುಧವಾರದಿಂದ ಅವರು ತಮ್ಮ ಕಡತಗಳನ್ನು ಹೊತ್ತು ತಂದು ನನ್ನ ಕುರ್ಚಿಯಲ್ಲೇ ಕಾವಲು ಕೂತರು. ಕಳ್ಳ ಇನ್ನೂ ಹೆಚ್ಚಾದ. ನಾನು ‘ಮಾನ್ಯರೇ’ ದಾಟಿ ಮುಂದೆ ಹೋಗಲೇ ಇಲ್ಲ. ಶುಕ್ರವಾರ ಮ್ಯಾನೇಜರರ ಫೋನು: “ಇಷ್ಟು ದಿನ ನಮ್ಮಲ್ಲಿ ಕಳ್ಳ ಇರ್ಲಿಲ್ಲ ಕಣ್ರೀ. ನೀವು ಮನೆಗೆ ಹೋದ್ರಿ, ಅವ್ನು ಬಂದ. ನಾಳೆ ಮಧ್ಯಾಹ್ನ ಇಲ್ಲಿ ನಿಮ್ಮ ಕಂಪ್ಯೂಟರಿನ ಲೈನ್ ಕೀಳಿಸ್ತೀನಿ. ಸೋಮವಾರದಿಂದ ಬೇರೆಯವ್ರು ಬರ್ತಾರೆ, ಟೆಂಪರ್‌ವರಿ.” ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆಯೋಣವೆಂದುಕೊಂಡೆ. ಆದರೆ ನನ್ನ ಅಂದಿನ ದಿನಚರಿಯಲ್ಲಿ ‘ಮಾತ್ರೆ ತೆಗೆದುಕೊಂಡೆ, ಚೆನ್ನಾಗಿ ನಿದ್ದೆ’ ಎಂದಿದೆ.

ಶನಿವಾರ ನಮ್ಮ ಯಜಮಾನರು ಮನೆಯಲ್ಲಿದ್ದರು, ಆದ್ದರಿಂದ ಅವರ ಮೊಬೈಲೂ ಇತ್ತು. ಅಂದು ಮೊದಲ ಬಾರಿಗೆ, ಕಂಪ್ಯೂಟರಿನ ಒಳಗಿದ್ದುಕೊಂಡೇ ಶಿವರುದ್ರಪ್ಪನವರೊಡನೆ ಮಾತಾಡಿದೆ. ಇನ್ನೂ ‘ನಮಸ್ಕಾರ’ ಹೇಳಿರಲಿಲ್ಲ, ಆ ಕಡೆಯಿಂದ ಪಿಸುಮಾತು:

“ತಡೀರಿ ತಡೀರಿ, ಈಗ್ತಾನೆ ಬಂದ! ಇರಿ, ಓಡಿಸಿ ಬಂದ್ಬುಡ್ತೀನಿ.”

ಟಕ ಟಕ ಟಕ ಎಂದು ಕೀಲಿಮಣೆಯ ಸದ್ದು ಕಿವಿಗೆ ಬಿತ್ತು. ನನ್ನ ಪರದೆ ಕಪ್ಪಾಯಿತು.

“ಹೋದ ಕಣಮ್ಮ!” ಎಂದರು ವಿಜಯೋತ್ಸಾಹದಿಂದ.

“ಹೋದೆ ಸಾರ್” ಎಂದೆ.

ನಾನು ಒಳಬಂದರೆ ಅಲ್ಲಿನ ಪರದೆ ಮುಚ್ಚಿಕೊಳ್ಳುತ್ತದೆ, ಅವರು ತೆರೆದರೆ ನಾನು ಹೊರಗೆ ಬೀಳುತ್ತೇನೆ ಎಂಬುದನ್ನು ವಿವರಿಸಿದೆ. ಆಮೇಲೆ ಸಣ್ಣ ದನಿ: “ಅಂಗಾದ್ರೆ ವಾರವೆಲ್ಲ ನಾನು ನಿಮ್ಮನ್ನೇ ಓಡಿಸ್ತಿದ್ನಾ?”

“ನಾನೂ ನಿಮ್ಮನ್ನೇ ಓಡಿಸ್ತಿದ್ದೆ ಸಾರ್.”

“ಸಾಹೇಬ್ರು ಇನ್ನೇನು ಲೈನ್ ಕೀಳಿಸೋಕೆ ಬರ್ತಾರಲ್ಲಮ್ಮ. ಇದ್ನೆಲ್ಲ ಅವರಿಗೆ ಎಂಗೆ ಹೇಳೋದು? ಹೇಳಿದ್ರೂ, ನಾಳೆ ಇನ್ಯಾರೋ ಬಂದು ಕೂತು ಟಕಟಕ ಅನ್ನಿಸಿದ್ರೆ ಮತ್ತೆ ನೀವು ಹೊರಗೆ.”

ಅದೂ ನಿಜವೇ. ನಾನು ಪಾಸ್‌ವರ್ಡ್ ಬದಲಿಸುವುದು ಮುಂತಾದ ಪುಸ್ತಕದ ಉಪಾಯಗಳನ್ನು ಹೇಳುತ್ತಿದ್ದೆ, ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಕುರ್ಚಿಯಿಂದ ಎದ್ದ ಸದ್ದು. ತಮ್ಮ ಚೌಕಳಿ ಕರ್ಚೀಫನ್ನು ಕೊಡವಿ ನನ್ನ ಕುರ್ಚಿಯ ಮೇಲೆ ಹಾಸಿದರಂತೆ.

ನಮ್ಮ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ತೂರಿದ ಕರ್ಚೀಫಿಗೆ ಇರುವ ಅಧಿಕಾರ ಯಾವ ಪಾಸ್‌ವರ್ಡಿಗೂ ಇಲ್ಲ. ಬಸ್ಸಿನೊಳಗೆ ನೂಕಿ ತುಳಿದು ಬರುವವನೂ ಅದನ್ನು ಕಂಡರೆ ‘ಇಲ್ಲಿ ಜನ ಇದ್ದಾರೆ’ ಎಂದುಕೊಂಡು ಮುಂದಿನ ಸೀಟಿಗೆ ಹೋಗುತ್ತಾನೆ. ಅರಸರಿಲ್ಲದಿದ್ದರೆ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ದರ್ಬಾರು ನಡೆಸಿದ್ದುಂಟು ಎಂದು ನಮ್ಮೂರಿನ ಹಿರಿಯರು ಹೇಳುತ್ತಿದ್ದರು. ಇಲ್ಲದವರಿಗೂ ಜಾಗ ಬಿಡುವುದರಲ್ಲಿ ನಾವು ಮೈಸೂರಿನವರು ಪಳಗಿದವರು.

ಮಧ್ಯಾಹ್ನ ಮ್ಯಾನೇಜರು ಲೈನು ಕೀಳುವವನೊಡನೆ ಬಂದರು. ಕುರ್ಚಿ ನೋಡಿ, “ಇದೇನ್ರೀ ಶಿವರುದ್ರಪ್ಪ?” ಎಂದರು.

“ಸುಮಿತ್ರಮ್ಮೋರು ಕೂತವ್ರೆ ಸಾರ್.”

ಮ್ಯಾನೇಜರು ಕರ್ಚೀಫನ್ನು ನೋಡಿದರು. ನಾನು ಮತ್ತೆ ಒಳಬಂದಿದ್ದರಿಂದ ಪರದೆ ಮುಚ್ಚಿಕೊಂಡು ಕೂತಿದ್ದ ಕಂಪ್ಯೂಟರನ್ನು ನೋಡಿದರು. ಅವರೂ ದಿನಾ ಬಸ್ಸಿನಲ್ಲೇ ಬರುವವರು. “ಓ, ಹಂಗೆ” ಎಂದು ಲೈನು ಕೀಳುವವನನ್ನು ವಾಪಸ್ಸು ಕರೆದುಕೊಂಡು ಹೋದರಂತೆ. ಸೋಮವಾರ ತಾತ್ಕಾಲಿಕರು ಯಾರೂ ಬರಲಿಲ್ಲ.

ಕಾಲಿನ ಕಟ್ಟು ಬಿಚ್ಚಿದ ಮೇಲೆ ಕೋಲೂರಿಕೊಂಡು ಕಚೇರಿಗೆ ಹೋದೆ. ಯಾರಿಗೂ ಮುಂಚಿತವಾಗಿ ಹೇಳಿರಲಿಲ್ಲ. ನನ್ನ ಮೇಜಿನ ಮೇಲೆ ಬೇರೆಯವರ ಒಂದು ಕಾಗದವೂ ಇರಲಿಲ್ಲ, ಕುರ್ಚಿಯ ಮೇಲೆ ಒಗೆದು ಮಡಿಸಿದ ಕರ್ಚೀಫು. ಇನ್ನೇನು ಕೂರಬೇಕು, ಶಿವರುದ್ರಪ್ಪನವರು ಲೆಕ್ಕದಿಂದ ತಲೆಯೆತ್ತದೆ ಗಟ್ಟಿಯಾಗಿ ಹೇಳಿದರು:

“ಅಲ್ಲಿ ಕೂರ್ಬೇಡಿ ಕಣ್ರೀ. ಜನ ಅವ್ರೆ.”

ಅವರು ನಿಜಕ್ಕೂ ಹಾಗೆ ಅಂದರೋ, ಇಷ್ಟು ವರ್ಷ ಹೇಳಿ ಹೇಳಿ ನಾನೇ ಸೇರಿಸಿಕೊಂಡೆನೋ ತಿಳಿಯದು. ಆದರೆ ಅವರು ಕತ್ತೆತ್ತಿ ನೋಡುವವರೆಗೂ ನಾನು ಕೂರದೆ, ಕೋಲೂರಿಕೊಂಡು ನಿಂತೇ ಇದ್ದೆ. ನನ್ನ ಜಾಗವನ್ನು ನನ್ನಿಂದಲೂ ಕಾಯುವವರೊಬ್ಬರು ಇದ್ದಾರೆ ಎನ್ನುವ ಸುಖ, ಆ ಕುರ್ಚಿಯಲ್ಲಿ ಕೂತಾಗ ಎಂದೂ ಸಿಕ್ಕಿರಲಿಲ್ಲ.